ಮರುಮೌಲ್ಯಮಾಪನ

ಮೂವತ್ತೊಂದು ವರ್ಷ ಹತ್ತನೇ ತರಗತಿಯ ಗಣಿತ ತಿದ್ದಿದ ಕೈ.
ಸುಮ್ಮನೆ ಕೇಳು ಅಂದರೆ ಕೇಳುವುದಿಲ್ಲ.
ಪ್ಲೇಯರಿನ ಪಕ್ಕ ಕೆಂಪು ಪೆನ್ನು ಬೇಕು;
ರಟ್ಟಿನ ಹೊದಿಕೆಯ ಬೆನ್ನಿಗೆ, ಬಲಮೂಲೆಯಲ್ಲಿ
ಒಂದು ವೃತ್ತ, ಅದರೊಳಗೆ ಅಂಕ.

ಪಿಟೀಲು. ಕಚೇರಿಯಲ್ಲೇ ಹಿಡಿದದ್ದು,
ಇಡೀ ಒಂದು ಬದಿ ತೋಡಿ. ಎಂಬತ್ತೆಂಟು.
ಅದರಲ್ಲಿ ಮೂರು, ಆಲಾಪನೆಯ ನಡುವೆ ಕೆಮ್ಮಿದವರಿಗೆ.
ತಡೆದು ತಡೆದು, ಶಲ್ಯವನ್ನು ಬಾಯಿಗೊತ್ತಿಕೊಂಡಿರಬೇಕು,
ಕೊನೆಗೂ ಆಗದೆ ಕೆಮ್ಮಿದರಲ್ಲ,
ಪಿಟೀಲು ಒಂದು ಕ್ಷಣ ನಿಂತು ದಾರಿ ಬಿಟ್ಟಿತು.
ಅಷ್ಟು ಮರ್ಯಾದೆ ನಾನು
ನಮ್ಮ ಸ್ಟಾಫ್ ರೂಮಿನಲ್ಲಿ ಕಂಡವಳಲ್ಲ.

ಊರೆಲ್ಲ ನೂರಕ್ಕೆ ನೂರು ಅನ್ನುವ ಆ ಸಿತಾರ್:
ಅರವತ್ತೊಂದು. ಜಗಳಕ್ಕೆ ಬನ್ನಿ.
ದುಂಡಗಿನ ಅಕ್ಷರಕ್ಕೆ ಅಂಕ ಕೊಡುವ ಪದ್ಧತಿ ನನ್ನಲ್ಲಿಲ್ಲ.

ಜಾಝ್, ಡೆಲ್ಫೀನಳದು.
ಲಿಂಗರಾಜಪುರದಿಂದ ಎರಡು ಬಸ್ಸು ಬದಲಿಸಿ
ಉತ್ತರಪತ್ರಿಕೆಗಳ ಕಟ್ಟಿನೊಳಗೆ ಬಚ್ಚಿಟ್ಟು ತಂದಳು:
ಒಂದು ವಾರ ಇಟ್ಕೊ, ವಾಪಸ್ ಕೊಡು.
ಮೊದಲ ಸಲ ಇಪ್ಪತ್ತೆರಡು.
ಷರಾ: ಹಂತಗಳನ್ನು ತೋರಿಸಿಲ್ಲ.
ಆಮೇಲೆ ಕರುಣೆಯಿಂದ ಮೂವತ್ತೈದು.
ಬೈಟು ಕಾಫಿಯ ಅವಳ ಪಾಲು ಮುಗಿಸಿ, ನನ್ನ ಪಾಲಿಗೂ ಕೈಹಾಕಿ
ಅಂದಳು: ಅವನು ಉತ್ತರ ಬರೀತಿಲ್ಲ ಕಣೇ,
ಲೆಕ್ಕ ಯಾವುದು ಅಂತ ಹುಡುಕ್ತಾ ಇದಾನೆ.
ಎಪ್ಪತ್ತೊಂಬತ್ತಕ್ಕೆ ನಿಲ್ಲಿಸಿದೆ.
ವಾಪಸ್ ಕೊಡಲಿಲ್ಲ. ಕೊಡು ಅನ್ನುವವಳು ಈಗಿಲ್ಲ.
ಹೊದಿಕೆಯ ಮೇಲೆ ಅವಳಿಟ್ಟ ಲೋಟದ ಕಲೆ,
ನನ್ನ ಕೈವಾರದ ವೃತ್ತಕ್ಕಿಂತ ಸರಿಯಾಗಿದೆ.

ಭಾನುವಾರದ ಬಜಾರಿನಲ್ಲಿ
ಮಿಕ್ಸಿ ಜಾರು, ಕೀಲಿ ಕಳೆದ ಬೀಗಗಳ ನಡುವೆ
ನಲವತ್ತು ರೂಪಾಯಿಗೆ ಸಿಕ್ಕಿದ ಚಿತ್ರಗೀತೆ.
ಗೀರು ಬಿದ್ದ ತಟ್ಟೆ. ಬಾರೇ ಅನ್ನಬೇಕಾದವನು
ಬಾ ಬಾ ಬಾ ಬಾ ಎಂದು ಅಲ್ಲೇ ಸುತ್ತುತ್ತಾನೆ,
ನಾನು ಬೆರಳಿನಿಂದ ತಟ್ಟುವವರೆಗೆ.
ಮೊನ್ನೆ ಬಸವನಗುಡಿಯ ಒಂದು ಮುಂಜಿಯಲ್ಲಿ
ಗೀರಿಲ್ಲದ್ದನ್ನು ಹಾಕಿದ್ದರು.
ಒಂದೇ ಸಲ ಕರೆದು ಮುಂದಕ್ಕೆ ಹೋಗಿಬಿಟ್ಟ.
ಇಷ್ಟೇನಾ ಅನ್ನಿಸಿತು.
ಮನೆಗೆ ಬಂದು ಹತ್ತು ಅಂಕ ಕಿತ್ತೆ,
ಕಿತ್ತದ್ದನ್ನು ಗೀರಿಗೆ ಕೊಟ್ಟೆ.

ಕೊಳಲಿಗೆ ಬರುತ್ತೇನೆ. ಮುಂದೂಡುತ್ತಿದ್ದೆ.
ತೊಂಬತ್ತೇಳು, ಇಪ್ಪತ್ತಾರು ವರ್ಷದ ಹಿಂದೆ ಕೊಟ್ಟದ್ದು.
ಈ ಸಲ ಹಾಕಿದರೆ, ಮೇಲಿನ ಷಡ್ಜ ದಾಟಿದ ಕೊಳಲು
ಹೋಯಿತು. ಹಿಂದೆ ತಂಬೂರಿ ಮಾತ್ರ,
ಹಸು ಕಳಕೊಂಡವರ ಹಾಗೆ ನಿಂತಲ್ಲೇ.
ಎಸ್ಪಿ ರೋಡಿನ ಜಬೀವುಲ್ಲಾ ಸೂಜಿ ಬದಲಿಸಿದ.
ಇನ್ನೊಂದು ಸೂಜಿ ಹಾಕಿದ.
ಮೂರನೇ ಸಲ ನನ್ನ ಮುಖ ನೋಡಿ,
ಸೂಜಿ ಚೆನ್ನಾಗೇ ಇದೆ ಮೇಡಂ, ಅಂದ. ದುಡ್ಡು ತಗೊಳ್ಳಲಿಲ್ಲ.

ಕಿವಿ ಡಾಕ್ಟರು ಗ್ರಾಫ್ ಹಾಳೆ ಕೊಟ್ಟರು.
ನನಗೇ ಗ್ರಾಫ್!
ಬಲಕ್ಕೆ ಹೋದಂತೆ ಇಳಿಯುವ ರೇಖೆ,
ಅಕ್ಷಗಳಿಗೆ ಹೆಸರು, ಅಳತೆಗೆ ಪ್ರಮಾಣ,
ಎಲ್ಲ ನೀಟಾಗಿತ್ತು. ಪೂರ್ತಿ ಅಂಕ ಕೊಡಬೇಕಾದಂಥದ್ದು.

ಮಹಡಿ ಮನೆಯ ಇಫ್ರಾ, ಆರನೇ ಕ್ಲಾಸು.
ಕೂರಿಸಿಕೊಂಡೆ: ನನಗೆ ಕೇಳದ್ದನ್ನು ನೀನು ಕೇಳಿ ಹೇಳು.
ಗಲ್ಲಕ್ಕೆ ಕೈಕೊಟ್ಟು ಕೂತಳು.
ಮೇಲೆ ಹೋಗ್ತಿದೆ ಅಜ್ಜಿ.
ಇನ್ನೂ ಹೋಗ್ತಿದೆ.
ಈಗ ಅಲ್ಲೇ ನಿಂತ್ಕೊಂಡು ನಡುಗ್ತಿದೆ, ತಣ್ಣೀರು ಹಾಕಿದ ಹಾಗೆ.
ಆಮೇಲೆ?
ಆಮೇಲೆ ಬೋರು.
ಎಷ್ಟು ಕೊಡ್ತೀಯ? ನಲವತ್ತು.

ಇಬ್ಬರು ಮೌಲ್ಯಮಾಪಕರ ನಡುವೆ ಇಷ್ಟು ಅಂತರ ಬಂದರೆ
ಮೂರನೆಯವರಿಗೆ ಕಳಿಸಬೇಕು, ನಿಯಮ.
ಎಲ್ಲಿಂದ ತರಲಿ?
ಜಬೀವುಲ್ಲಾ ಸಂಗೀತ ಕೇಳುವುದಿಲ್ಲ, ಸೂಜಿಯನ್ನಷ್ಟೇ.
ಆ ಲಿಂಗರಾಜಪುರದವಳಿದ್ದಿದ್ದರೆ
ಅಂಕಪಟ್ಟಿಯ ಮೇಲೇ ಲೋಟ ಇಡುತ್ತಿದ್ದಳು.

ವೃತ್ತ ಎಳೆದು ಒಳಗೆ ಖಾಲಿ ಬಿಟ್ಟಿದ್ದೇನೆ.
ಎರಡನೇ ಬದಿ ಇನ್ನೂ ಬಾಕಿ.
ಶನಿವಾರ ಬರುತ್ತಾಳಂತೆ, ಚಕ್ಕುಲಿ ಇದ್ದರೆ.
ಪೆನ್ನು ಅವಳೇ ತರುತ್ತಾಳಂತೆ,
ಹಸಿರು.